ಹಿತ್ತಲಿಗೆ ಬರಲಿ ಆವರಿಕೆ



ನಲ್ಲಿಯಲ್ಲಿ ಮೂರು ದಿನಕ್ಕೊಮ್ಮೆ ನೀರು ಬರೋ ಊರಿನಲ್ಲಿ ಗುಲಾಬಿ ಬೆಳೆಸಿ ಅಂದರೆ ನೀವು ನಕ್ಕುಬಿಡುತ್ತೀರಿ. ಅದಕ್ಕೇ ಈ ಸಲ ಹೆಚ್ಚು ನೀರು ಕೇಳದ, ಆಡು ದನಗಳು ಸಾಮಾನ್ಯವಾಗಿ ಬಾಯಿ ಹಾಕದ ಒಂದು ಗಿಡದ ವಿಷಯ ಬರೆಯುತ್ತಿದ್ದೇನೆ. ಅದೇ ಆವರಿಕೆ. ಕೆಲವರು ತಂಗಡಿ ಅನ್ನುತ್ತಾರೆ. ಚಳ್ಳಕೆರೆ, ಹಿರಿಯೂರು, ಪಾವಗಡದ ಕಡೆ ಬಸ್ಸಿನಲ್ಲಿ ಹೋಗುವಾಗ ಕಲ್ಲುನೆಲದಲ್ಲಿ ಚಿನ್ನ ಚೆಲ್ಲಿದ ಹಾಗೆ ಕಾಣುವ ಪೊದೆ ಇದು. ತೆಲಂಗಾಣದ ಹೆಣ್ಣುಮಕ್ಕಳಿಗೆ ಬತುಕಮ್ಮ ಹಬ್ಬಕ್ಕೆ ಈ ಹೂ ಬೇಕೇ ಬೇಕು. 2014ರಲ್ಲಿ ಆ ರಾಜ್ಯ ಇದನ್ನೇ ತನ್ನ ಹೂವಾಗಿ ಆರಿಸಿಕೊಂಡಿತು. ಹಿಂದೆ ಚರ್ಮ ಹದಮಾಡಲು ಇದರ ತೊಗಟೆಯನ್ನು ಸುಲಿದು ಒಯ್ಯುತ್ತಿದ್ದರು.

ಹಳದಿ ಹೂ ಕಂಡ ಕೂಡಲೇ ಆವರಿಕೆ ಅಂತ ಕೀಳಬೇಡಿ. ಇದರ ದಾಯಾದಿಗಳು ಬಹಳ ಇವೆ. ಮೊದಲು ಎಲೆ ನೋಡಿ. ಒಂದು ಕಡ್ಡಿಯಲ್ಲಿ ಎಂಟರಿಂದ ಹನ್ನೆರಡು ಜೊತೆ ಪುಟ್ಟ ಎಲೆಗಳಿದ್ದು, ತುದಿ ಮೊಂಡಾಗಿರಬೇಕು. ಪ್ರತಿ ಜೊತೆಯ ನಡುವೆ ಸಣ್ಣ ಮೊಳೆಯಂಥ ಗಂಟು ಇರುತ್ತದೆ. ಕಡ್ಡಿ ಕಾಂಡಕ್ಕೆ ಸೇರುವ ಕಡೆ ಕಿವಿಯ ಆಕಾರದ ಎರಡು ಎಲೆಗಳು ಅಂಟಿಕೊಂಡಿರುತ್ತವೆ. ಈ ಕಿವಿ ಕಂಡಿತೋ, ಅನುಮಾನ ಬೇಡ. ಕಾಯಿ ಚಪ್ಪಟೆ, ಕಾಗದದ ಹಾಗೆ ತೆಳು.

ತಗಚೆಗೆ ಮೂರೇ ಜೊತೆ ಎಲೆ, ಕಾಯಿ ಉದ್ದಕ್ಕೆ ಸಣ್ಣಗೆ ಬಾಗಿರುತ್ತದೆ. ದೊಡ್ಡ ತಗಚೆಗೆ ನಾಲ್ಕರಿಂದ ಆರು ಜೊತೆ, ತುದಿ ಚೂಪು. ಉಜ್ಜಿದರೆ ಕೆಟ್ಟ ವಾಸನೆ. ಈ ದೊಡ್ಡ ತಗಚೆಯ ಬೀಜ ಮಕ್ಕಳಿಗೆ ವಿಷ. ಉತ್ತರ ಪ್ರದೇಶದ ಪಶ್ಚಿಮ ಭಾಗದಲ್ಲಿ ಆಟವಾಡುತ್ತಾ ಇದನ್ನು ತಿಂದ ಮಕ್ಕಳು ಸತ್ತದ್ದನ್ನು ವೈದ್ಯರು ಪತ್ತೆಹಚ್ಚಿ 2007ರಲ್ಲಿ ಬರೆದಿದ್ದಾರೆ. ಮನೆಯ ಸುತ್ತ ಇದ್ದರೆ ಕಾಯಿ ಕಟ್ಟುವ ಮೊದಲೇ ಬೇರುಸಹಿತ ಕಿತ್ತುಬಿಡಿ.

ಇನ್ನೊಂದು ಮಾತು. ಆವರಿಕೆ ಹೂವಿನ ಕಷಾಯ ಸಕ್ಕರೆ ಕಾಯಿಲೆಗೆ ಒಳ್ಳೆಯದು ಅಂತ ಊರೆಲ್ಲ ಹೇಳುತ್ತದೆ. ನಮ್ಮ ಬೀದಿಯ ಒಬ್ಬ ಅತ್ತಿಗೆ ಇದನ್ನೇ ನಂಬಿ ಎರಡು ತಿಂಗಳು ಮಾತ್ರೆ ಬಿಟ್ಟರು. ಕಾಲಿನ ಹುಣ್ಣು ಮಾಯಲಿಲ್ಲ. ಕೊನೆಗೆ ಒಂದು ಬೆರಳು ತೆಗೆಯಬೇಕಾಯಿತು. ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಕಷಾಯ ಕುಡಿಯಲೂಬೇಡಿ, ಮಾತ್ರೆ ಬಿಡಲೂಬೇಡಿ. ಬಸುರಿಯರಿಗಂತೂ ಕೊಡಲೇಬಾರದು. ಅತ್ತೆಯವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ!

ಇನ್ನು ಬೆಳೆಸೋದು. ಒಣಗಿ ಕಂದಾದ ಕಾಯಿಯಿಂದ ಬೀಜ ಬಿಡಿಸಿ. ಸಿಪ್ಪೆ ಬಹಳ ಗಟ್ಟಿ, ಹಾಗೇ ನೆಟ್ಟರೆ ತಿಂಗಳುಗಟ್ಟಲೆ ಮಲಗಿರುತ್ತವೆ. ಲೋಟದಲ್ಲಿ ಬೀಜ ಹಾಕಿ, ಕುದಿಸಿ ಒಲೆಯಿಂದ ಇಳಿಸಿದ ಬಿಸಿನೀರು ಸುರಿದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಉಬ್ಬಿದವನ್ನು ಆರಿಸಿ ನೆಡಿ. ಉಬ್ಬದವನ್ನು ಉಪ್ಪುಕಾಗದಕ್ಕೆ ನಾಲ್ಕು ಸಲ ಉಜ್ಜಿ ಮತ್ತೆ ನೆನೆಹಾಕಿ. ಬೇರು ನೇರಕ್ಕೆ ಆಳಕ್ಕಿಳಿಯುತ್ತದೆ, ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ. ಆದ್ದರಿಂದ ಗಿಡ ಇರಬೇಕಾದ ಜಾಗದಲ್ಲೇ, ಮುಂಗಾರಿನ ಆರಂಭದಲ್ಲಿ, ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಎರಡೆರಡು ಬೀಜ ಹಾಕಿ. ಬಿಸಿಲು ಚೆನ್ನಾಗಿ ಬೀಳಬೇಕು, ನೀರು ನಿಲ್ಲಬಾರದು. ಬಚ್ಚಲ ನೀರು ಹರಿಯೋ ಕಡೆ ಖಂಡಿತ ಬೇಡ. ಗೊಬ್ಬರದ ಚಿಂತೆ ಬಿಡಿ. ಮೊದಲ ಬೇಸಿಗೆ ವಾರಕ್ಕೊಂದು ತಂಬಿಗೆ ನೀರು ಸಾಕು. ನಮ್ಮ ಮನೆಯದು ಎರಡನೇ ವರ್ಷ ಹೂ ಬಿಟ್ಟಿತು. ಹೂ ಮುಗಿದ ಮೇಲೆ ತುದಿ ಕತ್ತರಿಸಿದರೆ ಪೊದೆ ದಟ್ಟವಾಗುತ್ತದೆ; ಕತ್ತರಿಸಿದ ಸೊಪ್ಪನ್ನು ತೆಂಗಿನ ಪಾತಿಗೆ ಹಾಕಿ.

ಎಲೆಯ ಮೇಲೆ ಹಸಿರು ಹುಳು ಕಂಡರೆ ಗಾಬರಿಯಾಗಿ ಔಷಧಿ ಹೊಡೆಯಬೇಡಿ. ಅವು ಹಳದಿ ಚಿಟ್ಟೆಯ ಮರಿಗಳು. ನಾಲ್ಕು ಎಲೆ ತಿಂದು, ಹದಿನೈದು ದಿನದಲ್ಲಿ ಹಾರಿಹೋಗುತ್ತವೆ.