ವರ್ಷದ ಆಲ್ಬಮ್‌ಗಳು: ಎಣಿಸುವವರು ಯಾರು, ಆರಿಸುವವರು ಯಾರು?

ಪುಣೆಯ ಸಂಗೀತಪ್ರಿಯರಿಗೆ ವರ್ಷ ಎರಡು ರೀತಿಯಲ್ಲಿ ಮುಗಿಯುತ್ತದೆ. ಒಂದು ಮೊಬೈಲಿನಲ್ಲಿ. ಯಾವ ಹಾಡನ್ನು ಹೆಚ್ಚು ಸಲ ಕೇಳಿದಿರಿ, ಒಟ್ಟು ಎಷ್ಟು ನಿಮಿಷ ಕೇಳಿದಿರಿ, ನಿಮ್ಮ ಮೆಚ್ಚಿನ ಗಾಯಕರು ಯಾರು ಎಂಬುದನ್ನೆಲ್ಲ ಸ್ಪಾಟಿಫೈ ಬಣ್ಣಬಣ್ಣದ ಚೌಕಗಳಲ್ಲಿ ಹಾಕಿ ಕೈಗಿಡುತ್ತದೆ. 2016ರಲ್ಲಿ ‘ರ‍್ಯಾಪ್ಡ್’ ಎಂಬ ಹೆಸರಿನಲ್ಲಿ ಶುರುವಾದ ಈ ಲೆಕ್ಕ ಈಗ ವರ್ಷಾಂತ್ಯದ ಹಬ್ಬದಂತಾಗಿದೆ. ಜನ ಅದನ್ನು ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹಾಕುತ್ತಾರೆ, ಪರಸ್ಪರ ಹೋಲಿಸುತ್ತಾರೆ. ಇನ್ನೊಂದು ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ. 1953ರಲ್ಲಿ ಗುರುವಿನ ನೆನಪಿಗಾಗಿ ಭೀಮಸೇನ ಜೋಶಿ ತಮ್ಮ ಗುರುಬಂಧುಗಳ ಜೊತೆ ಸೇರಿ ಆರಂಭಿಸಿದ ಈ ಉತ್ಸವಕ್ಕೆ ಇಂದಿಗೂ ಸಾವಿರಾರು ಜನ ಶಾಲು, ಸ್ವೆಟರು ಹೊದ್ದು ಬಂದು ಕೂಡುತ್ತಾರೆ.

ಆ ಉತ್ಸವದಲ್ಲಿ ಒಂದು ಪದ್ಧತಿಯಿದೆ. ಕೊನೆಯ ದಿನ ಎಲ್ಲರ ಹಾಡುಗಾರಿಕೆ ಮುಗಿದ ಮೇಲೆ ಸವಾಯಿ ಗಂಧರ್ವರ ಹಳೆಯ ಭೈರವಿ ಠುಮ್ರಿಯ ಧ್ವನಿಮುದ್ರಿಕೆ ಕೇಳಿಸುತ್ತಾರೆ. ಅದು ಮುಗಿದರೆ ಉತ್ಸವ ಮುಗಿದಂತೆ. ಕುಂದಗೋಳದ ರಾಮಚಂದ್ರರಾಯರು, ಅಂದರೆ ಸವಾಯಿ ಗಂಧರ್ವರು, ತೀರಿಕೊಂಡದ್ದು 1952ರಲ್ಲಿ. ಆ ಧ್ವನಿಮುದ್ರಿಕೆ ಅದಕ್ಕೂ ಹಿಂದಿನದು. ಮೈಕು, ದೊಡ್ಡ ಪರದೆ, ಹೊಸ ತಲೆಮಾರಿನ ಗಾಯಕರು, ಇಷ್ಟೆಲ್ಲ ಇರುವ ಕಡೆ ಕೊನೆಯ ಮಾತು ಕೆಲವೇ ನಿಮಿಷಗಳ ಆ ಹಳೆಯ ದನಿಯದು. ಯಾವ ಪತ್ರಿಕೆಯ ‘ವರ್ಷದ ಅತ್ಯುತ್ತಮ ಆಲ್ಬಮ್‌ಗಳು’ ಪಟ್ಟಿಯಲ್ಲೂ ಅದು ಬರುವುದಿಲ್ಲ. ಬಿಡುಗಡೆಯ ಇಸವಿಯೇ ಆ ಪಟ್ಟಿಗಳ ಮೊದಲ ನಿಯಮ.

ಮೊಬೈಲಿನ ಲೆಕ್ಕಕ್ಕೆ ಬಿಡುಗಡೆಯ ಇಸವಿ ಮುಖ್ಯವಲ್ಲ, ಕೇಳಿದ ಸಂಖ್ಯೆ ಮುಖ್ಯ. ಹಾಗಾದರೆ ಅದು ಹೆಚ್ಚು ನ್ಯಾಯದ್ದೆ? ಅಲ್ಲ. ಸ್ಪಾಟಿಫೈಯಲ್ಲಿ ಒಂದು ಹಾಡನ್ನು 30 ಸೆಕೆಂಡು ಕೇಳಿದರೆ ಒಂದು ಎಣಿಕೆ. ಮೂರು ನಿಮಿಷದ ಸಿನಿಮಾ ಹಾಡಿಗೂ ಐವತ್ತು ನಿಮಿಷದ ಖಯಾಲಿಗೂ ಅದೇ ಒಂದು ಎಣಿಕೆ. ಕಿರಾಣಾ ಘರಾಣೆಯವರ ವಿಲಂಬಿತ ಏಕತಾಲದ ಒಂದು ಆವರ್ತನ ಕೂಡ 30 ಸೆಕೆಂಡಿನಲ್ಲಿ ಮುಗಿಯುವುದಿಲ್ಲ. ಅಡುಗೆ ಮಾಡುತ್ತ ನೂರು ಸಲ ಹಾಕಿದ ಹಾಡು ಪಟ್ಟಿಯ ತಲೆಯ ಮೇಲೆ ಕೂಡುತ್ತದೆ. ತಂದೆ ತೀರಿಕೊಂಡ ವಾರ ಒಮ್ಮೆ ಕೇಳಿ, ಮತ್ತೆ ಕೇಳಲು ಧೈರ್ಯವಾಗದೆ ಬಿಟ್ಟ ತೋಡಿ ಅಲ್ಲಿ ಇರುವುದೇ ಇಲ್ಲ. ಸಾಲದ್ದಕ್ಕೆ ಈ ಲೆಕ್ಕ ಡಿಸೆಂಬರ್ ಮುಗಿಯುವ ಮೊದಲೇ ಹೊರಬೀಳುತ್ತದೆ. ಪುಣೆಯವರು ವರ್ಷದಲ್ಲಿ ಅತ್ಯಂತ ಗಮನವಿಟ್ಟು ಸಂಗೀತ ಕೇಳುವ ದಿನಗಳು ಅದರ ಹೊರಗೇ ಉಳಿಯುತ್ತವೆ.

ಎಣಿಸುವುದು ಬೇರೆ, ಆರಿಸುವುದು ಬೇರೆ. ಆರಿಸುವವರು ಏನನ್ನಾದರೂ ಬಿಡಬೇಕಾಗುತ್ತದೆ. ನ್ಯೂಯಾರ್ಕಿನ ವಿಲೇಜ್ ವಾಯ್ಸ್ ಪತ್ರಿಕೆ 1970ರ ದಶಕದಿಂದ ‘ಪ್ಯಾಜ್ ಅಂಡ್ ಜಾಪ್’ ಎಂಬ ವಾರ್ಷಿಕ ಮತದಾನ ನಡೆಸುತ್ತಿತ್ತು. ವಿಮರ್ಶಕ ರಾಬರ್ಟ್ ಕ್ರಿಸ್ಟ್‌ಗೌ ಅದರ ಹಿಂದಿದ್ದವರು. ಪ್ರತಿ ವಿಮರ್ಶಕರಿಗೆ 100 ಅಂಕ. ಅದನ್ನು ಹತ್ತು ಆಲ್ಬಮ್‌ಗಳಿಗೆ ಹಂಚಬೇಕು. ಯಾವುದಕ್ಕೂ 30ಕ್ಕಿಂತ ಹೆಚ್ಚು ಕೊಡುವಂತಿಲ್ಲ, 5ಕ್ಕಿಂತ ಕಡಿಮೆಯೂ ಕೊಡುವಂತಿಲ್ಲ. ಒಂದಕ್ಕೆ ಹೆಚ್ಚು ಕೊಟ್ಟರೆ ಇನ್ನೊಂದರಿಂದ ಕಿತ್ತುಕೊಂಡಂತೆ. ಆ ಸಣ್ಣ ನಿಯಮ ವಿಮರ್ಶಕರನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತಿತ್ತು. ವರ್ಷಾಂತ್ಯದ ಪಟ್ಟಿಗೆ ಏನಾದರೂ ಬೆಲೆ ಇದ್ದರೆ ಅದು ಈ ಇಕ್ಕಟ್ಟಿನಿಂದ ಬಂದದ್ದು. ಒಬ್ಬ ಮನುಷ್ಯ ತನ್ನ ಹೆಸರು ಹಾಕಿ, ‘ಇದು ಸೈ, ಅದು ಅಲ್ಲ’ ಎಂದು ಹೇಳುತ್ತಾನೆ. ಓದಿದವರು ಅವನ ಜೊತೆ ಜಗಳವಾಡಬಹುದು. ಯಂತ್ರದ ಎಣಿಕೆಯ ಜೊತೆ ಏನೆಂದು ಜಗಳವಾಡುವುದು?

ಆಲ್ಬಮ್ ಎಂಬುದೂ ಮೂಲದಲ್ಲಿ ಇಂಥದೇ ಆಯ್ಕೆ. ಈ ದೇಶದಲ್ಲಿ ಧ್ವನಿಮುದ್ರಣದ ಚರಿತ್ರೆಯ ಆರಂಭದ ಹೆಸರುಗಳಲ್ಲಿ ಒಂದು 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್ ಅವರದು. ಗ್ರಾಮಫೋನಿನ ಪ್ಲೇಟಿನ ಒಂದು ಬದಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ಇಡೀ ರಾತ್ರಿ ಹಾಡಬಲ್ಲವರು ಮೂರು ನಿಮಿಷದಲ್ಲಿ ಏನು ಇಡಬೇಕು, ಏನು ಬಿಡಬೇಕು ಎಂದು ತೀರ್ಮಾನಿಸಬೇಕಿತ್ತು. ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು.

ಆ ಮೂರು ನಿಮಿಷಗಳ ಶಕ್ತಿ ಎಂಥದೆಂದು ಧಾರವಾಡ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಗದಗಿನ ಹುಡುಗ ಭೀಮಸೇನ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ಪ್ಲೇಟು ಕೇಳಿ ಹುಚ್ಚು ಹಿಡಿದವನಂತಾಗಿ, 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ ಕತೆ ಅಲ್ಲಿ ಮನೆಮಾತು. ಗ್ವಾಲಿಯರ್ ಮೊದಲಾದ ಊರುಗಳನ್ನು ಸುತ್ತಿ, ಕೊನೆಗೆ ಮನೆಯಿಂದ ಬಹಳ ದೂರವಿಲ್ಲದ ಕುಂದಗೋಳದಲ್ಲಿ ಅದೇ ಖಾನ್ ಸಾಹೇಬರ ಶಿಷ್ಯ ಸವಾಯಿ ಗಂಧರ್ವರ ಬಳಿ ಅವರು ಕಲಿತರು. ಆಮೇಲೆ ಪುಣೆ ಅವರ ಊರಾಯಿತು. ಆ ಪ್ಲೇಟು ಯಾವ ಇಸವಿಯಲ್ಲಿ ಬಿಡುಗಡೆಯಾಗಿತ್ತು ಎಂದು ಆ ಹುಡುಗ ಕೇಳಲಿಲ್ಲ. ಅವನ ಮಟ್ಟಿಗೆ ಅದು ಕೇಳಿದ ವರ್ಷದ್ದೇ.

ಪ್ಲೇಟಿನ ಮೇಲಿನ ಚೀಟಿಗೂ ಒಂದು ಕತೆಯಿದೆ. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರ ಮೊದಲ ಧ್ವನಿಮುದ್ರಿಕೆಗಳು ಬಂದಾಗ ಅವುಗಳ ಮೇಲಿದ್ದ ಹೆಸರು ‘ಗಾಂಧಾರಿ’. ಅವರ ನಿಜವಾದ ಹೆಸರು ಚೀಟಿಗೆ ಬರಲು ಕಾಯಬೇಕಾಯಿತು. ಹೆಸರಿಗೆ ಏನು ಬೆಲೆ ಎಂಬುದು ಆ ತಲೆಮಾರಿನ ಕಲಾವಿದೆಯರಿಗೆ ಚೆನ್ನಾಗಿ ಗೊತ್ತಿತ್ತು. ಮುಂದೆ ಎಲ್‌ಪಿ ಬಂತು. ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಸಿಕ್ಕಿತು. ಹೊದಿಕೆಯ ಹಿಂಬದಿಯಲ್ಲಿ ರಾಗ, ತಾಳ, ತಬಲಾ ಯಾರದು, ಹಾರ್ಮೋನಿಯಂ ಯಾರದು ಎಂದು ಅಚ್ಚಾಗತೊಡಗಿತು. ಕ್ಯಾಸೆಟ್ಟಿನ ಕಾಲದಲ್ಲಿ ಪುಣೆಯ ಅಲೂರ್‌ಕರ್ ಮ್ಯೂಸಿಕ್ ಹೌಸ್‌ನಂಥ ಅಂಗಡಿ ತಾನೇ ಶಾಸ್ತ್ರೀಯ ಸಂಗೀತದ ಕ್ಯಾಸೆಟ್ಟುಗಳನ್ನು ಹೊರತಂದಿತು. 1978ರಲ್ಲಿ ಬಂದ ‘ನಿತ್ಯೋತ್ಸವ’ದಲ್ಲಿ ಕವಿ ನಿಸಾರ್ ಅಹಮದ್, ಸಂಯೋಜಕ ಮೈಸೂರು ಅನಂತಸ್ವಾಮಿ ಇಬ್ಬರ ಹೆಸರೂ ಹಾಡಿನ ಜೊತೆಗೇ ಕನ್ನಡ ಮನೆಗಳನ್ನು ಹೊಕ್ಕವು.

ಈಗ ಅದೇ ಹೆಸರುಗಳು ಕಳೆದುಹೋಗುತ್ತಿವೆ. ಭೀಮಸೇನ ಜೋಶಿಯವರು ಪುಣೆಯ ಮರಾಠಿಗರಿಗೆ ಅಭಂಗವಾಣಿಯ ಗಾಯಕ, ಅದೇ ಊರಿನ ಕನ್ನಡಿಗರಿಗೆ ದಾಸವಾಣಿಯ ಗಾಯಕ. ಪುರಂದರದಾಸರ ಲಕ್ಷ್ಮಿಯ ಪದ ಅವರ ದನಿಯಲ್ಲಿ ಕೇಳದೆ ಶುಕ್ರವಾರ ಬೆಳಗಾಗದ ಮನೆಗಳು ಎರಡೂ ರಾಜ್ಯಗಳಲ್ಲಿವೆ. ಆ ಪದವನ್ನು ಯಾವುದಾದರೂ ಆ್ಯಪಿನಲ್ಲಿ ಹುಡುಕಿದರೆ ಹತ್ತಾರು ಸಂಕಲನಗಳಲ್ಲಿ ಸಿಗುತ್ತದೆ, ಮೇಲೆ ಲಕ್ಷ್ಮಿಯ ಚಿತ್ರದೊಂದಿಗೆ. ತಬಲಾ ನುಡಿಸಿದವರು ಯಾರು, ರಾಗ ಸಂಯೋಜನೆ ಯಾರದು, ಎಲ್ಲಿ ಮುದ್ರಿಸಿದ್ದು ಎಂಬುದು ಹೆಚ್ಚಿನ ಕಡೆ ಇರುವುದಿಲ್ಲ. ಇಸವಿ ಇದ್ದರೂ ಅದು ಸಾಮಾನ್ಯವಾಗಿ ಮರುಬಿಡುಗಡೆಯದು. ದಶಕಗಳ ಹಿಂದಿನ ದನಿ ಪರದೆಯ ಮೇಲೆ ಮೊನ್ನೆಯದಾಗಿಬಿಡುತ್ತದೆ. ಪುರುಷೋತ್ತಮ ವಾಲಾವಲ್‌ಕರ್, ಅಪ್ಪಾ ಜಳಗಾಂವ್‌ಕರ್ ಅವರಂಥ ಹಾರ್ಮೋನಿಯಂ ವಾದಕರು, ನಾನಾ ಮುಳೆಯವರಂಥ ತಬಲಾ ವಾದಕರು ಇಡೀ ಬಾಳನ್ನು ಇನ್ನೊಬ್ಬರ ಹಾಡಿನ ಪಕ್ಕದಲ್ಲಿ ಕಳೆದವರು. ಹೊದಿಕೆಯ ಹಿಂಬದಿಯ ಒಂದು ಸಾಲು ಅವರಿಗೆ ಸಲ್ಲಬೇಕಾದ ಪಾಲು. ಆ ಸಾಲು ಹೋದರೆ ಮುಂದಿನ ತಲೆಮಾರಿಗೆ ಅವರು ಇದ್ದರೆಂಬುದೇ ತಿಳಿಯದು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಹಳೆಯದನ್ನೇ ಹಾಡಿ ಹೊಗಳಿದರೆ ಹೊಸಬರ ಗತಿ ಏನು? ಬಿಡುಗಡೆಯ ಇಸವಿಯ ನಿಯಮ ಇರುವುದೇ ಹೊಸಬರಿಗೆ ಒಂದಿಷ್ಟು ಜಾಗ ಸಿಗಲಿ ಎಂದು. ಅದನ್ನು ತೆಗೆದರೆ ಪ್ರತಿ ವರ್ಷವೂ ಭೀಮಸೇನ, ಮನ್ಸೂರ, ಕುಮಾರ ಗಂಧರ್ವರೇ ಪಟ್ಟಿ ತುಂಬುತ್ತಾರೆ. ಹಿಂದುಸ್ತಾನಿ ಕೇಳುಗರಿಗೆ ‘ಆಗಿನವರ ಹಾಗೆ ಈಗ ಯಾರಿದ್ದಾರೆ’ ಎನ್ನುವ ಚಟ ಮೊದಲೇ ಉಂಟು. ಈ ಚಟಕ್ಕೆ ಪಟ್ಟಿಯ ಹೆಸರಿನಲ್ಲಿ ಗೌರವ ಸಿಗಬಾರದು. ಹುಬ್ಬಳ್ಳಿಯ ಜಯತೀರ್ಥ ಮೇವುಂಡಿ, ಧಾರವಾಡದ ಕೈವಲ್ಯಕುಮಾರ ಗುರವ ಅವರಂಥ ಗಾಯಕರು ಅದೇ ಕಿರಾಣಾ ದಾರಿಯಲ್ಲಿ ಇಂದು ಹಾಡುತ್ತಿದ್ದಾರೆ. ಅವರಿಗಿಂತ ಚಿಕ್ಕವರು ಸಣ್ಣ ಸಭಾಂಗಣಗಳಲ್ಲಿ ಐವತ್ತು ಜನರ ಮುಂದೆ ಹಾಡುತ್ತಿದ್ದಾರೆ. ಸತ್ತವರಿಗೆ ಪಟ್ಟಿಯಿಂದ ಆಗಬೇಕಾದ್ದು ಕಡಿಮೆ, ಬದುಕಿರುವವರಿಗೆ ಮುಂದಿನ ಕಛೇರಿಯೇ ಸಿಗಬಹುದು.

ಈ ಆಕ್ಷೇಪವನ್ನು ಒಪ್ಪಬೇಕು, ಆದರೆ ಪೂರ್ತಿಯಲ್ಲ. ಹೊಸಬರಿಗೆ ತೊಂದರೆ ಬಂದಿರುವುದು ಹಳಬರಿಂದ ಮಾತ್ರವಲ್ಲ. ಇಂದು ಯುವ ಗಾಯಕಿಯೊಬ್ಬಳು ಒಂದು ರಾಗವನ್ನು ಆಲೋಚಿಸಿ, ಮೂರು ಸಲ ಹಾಡಿ, ಎರಡನ್ನು ಬಿಟ್ಟು ಒಂದನ್ನು ಆಲ್ಬಮ್ ಮಾಡುವುದಕ್ಕೆ ಹಣವೂ ಇಲ್ಲ, ಕೇಳುವವರೂ ಇಲ್ಲ. ಅದರ ಬದಲು ಕಛೇರಿಗಳ ಪೂರ್ತಿ ವಿಡಿಯೊ ಯೂಟ್ಯೂಬಿಗೆ ಏರುತ್ತದೆ, ಗಂಟಲು ಕೆಟ್ಟ ದಿನದ್ದೂ, ಮೈಕು ಕೈಕೊಟ್ಟ ದಿನದ್ದೂ. ಮಾರನೆಯ ದಿನ ಅದರಿಂದ ಒಂದು ನಿಮಿಷದ ತಾನಿನ ತುಣುಕು ರೀಲ್ಸ್‌ಗೆ ಹೋಗುತ್ತದೆ. ಯಾವುದು ತನ್ನ ಅತ್ಯುತ್ತಮ ಎಂದು ಹೇಳುವ ಹಕ್ಕು ಆ ಗಾಯಕಿಯ ಕೈಯಲ್ಲಿ ಉಳಿಯುವುದಿಲ್ಲ. ಸವಾಯಿ ಗಂಧರ್ವರಿಗೆ ಮೂರು ನಿಮಿಷ ಮಾತ್ರ ಇತ್ತು, ಆದರೆ ಯಾವ ಮೂರು ನಿಮಿಷ ಎಂದು ಅವರು ಯೋಚಿಸಬಹುದಿತ್ತು.

ಹಾಗಾಗಿ ವರ್ಷಾಂತ್ಯದ ಪಟ್ಟಿಯನ್ನು ಕೈಬಿಡುವುದಕ್ಕಿಂತ ಅದರ ನಿಯಮಗಳನ್ನು ತಿದ್ದುವುದು ಒಳ್ಳೆಯದು. ಹತ್ತೇ ಹೆಸರು ಇರಲಿ, ಹನ್ನೊಂದನೆಯದನ್ನು ಬಿಡುವ ಸಂಕಟ ಪಟ್ಟಿ ಮಾಡುವವರಿಗೆ ಇರಬೇಕು. ಐದು ಇದೇ ವರ್ಷ ಹೊರಬಂದವು, ಬದುಕಿರುವವರು ಹಾಡಿದವು ಅಥವಾ ನುಡಿಸಿದವು. ಉಳಿದ ಐದು ಯಾವ ಕಾಲದ್ದಾದರೂ ಆಗಬಹುದು, ಆದರೆ ಪಟ್ಟಿ ಮಾಡುವವರು ಅದನ್ನು ಈ ವರ್ಷವೇ ಮೊದಲ ಸಲ ಗಮನವಿಟ್ಟು ಕೇಳಿರಬೇಕು. ಹಾಗೆ ಮಾಡಿದರೆ ಹೊಸಬರ ಪಾಲು ಹೊಸಬರಿಗೆ ಸಿಗುತ್ತದೆ, ಗದಗಿನ ಹುಡುಗನಂಥ ಕೇಳುಗನಿಗೂ ಜಾಗ ಇರುತ್ತದೆ. ಪ್ರತಿಯೊಂದರ ಮುಂದೆ ರಾಗ, ತಾಳ, ಸಾಥಿದಾರರ ಹೆಸರು, ಮುದ್ರಣದ ಇಸವಿ, ಸಂಯೋಜಕರ ಹೆಸರು ಇರಬೇಕು. ಇದನ್ನು ಹುಡುಕುವುದಕ್ಕೆ ಕೆಲವೊಮ್ಮೆ ಒಂದು ಸಂಜೆ ಬೇಕಾದೀತು, ಹಳೆಯ ಎಲ್‌ಪಿಯ ಹೊದಿಕೆ ಇಟ್ಟುಕೊಂಡಿರುವ ಹಿರಿಯರೊಬ್ಬರ ಮನೆಗೆ ಹೋಗಬೇಕಾದೀತು. ಹೋಗಲಿ. ಆ ಹುಡುಕಾಟವೂ ಕೇಳ್ಮೆಯ ಒಂದು ಭಾಗವೇ. ಕೊನೆಗೆ, ಏಕೆ ಆರಿಸಿದ್ದು ಎಂದು ಎರಡು ಸಾಲು. ‘ಅದ್ಭುತ’, ‘ದೈವಿಕ’ ಎಂಬ ಪದಗಳನ್ನು ಬಳಸದೆ ಆ ಎರಡು ಸಾಲು ಬರೆಯಲು ಕೂತರೆ, ನಿಜವಾಗಿ ಏನು ಕೇಳಿದೆ ಎಂಬುದು ಬರೆಯುವವರಿಗೇ ತಿಳಿಯುತ್ತದೆ.

ಇಂಥ ಪಟ್ಟಿ ಮಾಡುವುದಕ್ಕೆ ಪುಣೆಯ ಕನ್ನಡಿಗರಿಗಿಂತ ತಕ್ಕವರು ಸಿಗುವುದು ಕಷ್ಟ. ಬೆಳಿಗ್ಗೆ ದಾಸರ ಪದ, ಸಂಜೆ ತುಕಾರಾಮರ ಅಭಂಗ ಒಂದೇ ದನಿಯಲ್ಲಿ ಕೇಳಿ ಬೆಳೆದವರು ಅವರು. ಧಾರವಾಡದಲ್ಲಿ ಹುಟ್ಟಿದ ಸಂಗೀತ ಪುಣೆಯಲ್ಲಿ ಹೇಗೆ ಬೆಳೆಯಿತೆಂದು ಕಿವಿಯಿಂದಲೇ ಬಲ್ಲವರು. ಕಛೇರಿ ಮುಗಿದ ರಾತ್ರಿ ರಿಕ್ಷಾ ಕಾಯುತ್ತ ನಿಂತಾಗ ಅವರು ಆಡುವ ಮಾತು, ಯಾರ ಮಾರು ಬಿಹಾಗ್ ಕೂತಿತು, ಯಾರದು ಜಾರಿತು ಎಂಬ ವಾದ, ಯಾವ ವಿಮರ್ಶೆಗೂ ಕಡಿಮೆಯಲ್ಲ. ಅದು ಗಾಳಿಯಲ್ಲಿ ಹೋಗುತ್ತಿದೆ. ಹತ್ತು ಸಾಲಿನ ಪಟ್ಟಿಯಾಗಿ ಅದು ಕಾಗದಕ್ಕೆ ಇಳಿಯಲಿ, ಅಡಿಯಲ್ಲಿ ಬರೆದವರ ಹೆಸರೂ ಇರಲಿ. ಪಟ್ಟಿಯಲ್ಲಿರುವ ಐವರು ಹೊಸಬರಿಗೆ ಅದರ ಒಂದೊಂದು ಪ್ರತಿ ಹೋಗಲಿ, ಅವರ ಮುಂದಿನ ಕಛೇರಿಯ ಟಿಕೆಟ್ಟಿನ ಹಣವೂ ಹೋಗಲಿ.