ಹಿರೀಸಾವೆಯಲ್ಲಿ ಹತ್ತು ನಿಮಿಷ

ಪರದೇಶದಲ್ಲಿರುವ ಕನ್ನಡಿಗರು ಊರಿನ ಬಗ್ಗೆ ಬರೆದದ್ದನ್ನು ನಾನು ಸಿಕ್ಕಷ್ಟೂ ಓದುತ್ತೇನೆ. ಅವುಗಳಲ್ಲಿ ಒಬ್ಬ ಅಮ್ಮ ಇದ್ದೇ ಇರುತ್ತಾಳೆ. ಅವಳು ಯಾವಾಗಲೂ ಒಲೆಯ ಮುಂದೆ ಇರುತ್ತಾಳೆ. ಮಗ ಎರಡು ವರ್ಷದ ಮೇಲೆ ಬಂದಿಳಿದ ರಾತ್ರಿ ಅವಳು ಹಿಟ್ಟು ತೊಳಸಿ, ಬಿಸಿ ಮುದ್ದೆ ಕಟ್ಟಿ ತಟ್ಟೆಗೆ ಹಾಕುತ್ತಾಳೆ. ಮಗನ ಕಣ್ಣಲ್ಲಿ ನೀರು. ಲೇಖನ ಅಲ್ಲಿಗೆ ಮುಗಿಯುತ್ತದೆ. ಆ ತಟ್ಟೆಯನ್ನು ಆಮೇಲೆ ಯಾರು ತೊಳೆದರು ಎಂದು ನಾನು ಇದುವರೆಗೆ ಎಲ್ಲೂ ಓದಿಲ್ಲ. ಮಗನ ಜೊತೆ ಅದೇ ವಿಮಾನದಲ್ಲಿ, ಅದೇ ನಿದ್ದೆಗೆಟ್ಟ ಕಣ್ಣಿನಲ್ಲಿ ಬಂದ ಒಬ್ಬ ಹೆಂಗಸೂ ಇದ್ದಳಲ್ಲ, ಅವಳು ಎಲ್ಲಿ ಹೋದಳು? ಕೊಣನೂರಿನ ಒಂದು ಮನೆಯ ಮಟ್ಟಿಗೆ ನಾನು ಉತ್ತರ ಹೇಳಬಲ್ಲೆ. ಅವಳು ಬಚ್ಚಲ ಪಕ್ಕದ ಕಲ್ಲಿನ ಮೇಲೆ ಪಾತ್ರೆ ಉಜ್ಜುತ್ತಿದ್ದಳು.

ನಾವು ಇಂಗ್ಲೆಂಡಿನ ರೆಡಿಂಗ್‌ಗೆ ಬಂದದ್ದು 2015ರಲ್ಲಿ. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಒಬ್ಬಳು ಮಗಳು. ಮನೆಗೆಲಸಕ್ಕೆ ಜನ ಇಟ್ಟುಕೊಳ್ಳುವ ತಾಕತ್ತು ನಮಗಿಲ್ಲ. ಹಾಗಾಗಿ ಕೆಲಸ ಹಂಚಿಹೋಯಿತು, ಆದರ್ಶದಿಂದಲ್ಲ, ಗತಿಯಿಲ್ಲದೆ. ಸೋಮವಾರ, ಬುಧವಾರ, ಶನಿವಾರ ಅವನ ಅಡುಗೆ. ಬಟ್ಟೆ ನನ್ನದು, ಬಚ್ಚಲು ಅವನದು. ಕಸದ ಡಬ್ಬವನ್ನು ರಸ್ತೆಗೆ ಇಡುವುದು, ಮಗಳ ತಲೆ ಬಾಚಿ ಎರಡು ಜಡೆ ಹಾಕುವುದು ಅವನದು. ಅವನ ಉಪ್ಸಾರು ನನ್ನದಕ್ಕಿಂತ ಚೆನ್ನಾಗಿರುತ್ತದೆ, ಸುಳ್ಳು ಹೇಳಬಾರದು. ನಾನು ಅವನನ್ನು ಹೆಸರು ಹಿಡಿದು ಕರೆಯುತ್ತೇನೆ. ಜಗಳವಾಡಿದರೆ ಇಬ್ಬರೂ ಸಮಸಮ ಆಡುತ್ತೇವೆ.

ಇದೇ ಮನುಷ್ಯ ದೇವನಹಳ್ಳಿಯಲ್ಲಿ ವಿಮಾನ ಇಳಿದು ಟ್ಯಾಕ್ಸಿ ಹತ್ತಿದ ಮೇಲೆ ಬದಲಾಗುತ್ತ ಹೋಗುತ್ತಾನೆ. ನಾನೂ ಅಷ್ಟೆ. ನೆಲಮಂಗಲ ದಾಟುವಷ್ಟರಲ್ಲಿ 'ನೀನು' ಹೋಗಿ 'ನೀವು' ಬಂದಿರುತ್ತದೆ. ಕುಣಿಗಲ್ ಬರುವಾಗ ನಾನು 'ರೀ' ಅನ್ನುತ್ತಿರುತ್ತೇನೆ. ಡ್ರೈವರ್ ಕೇಳಿಸಿಕೊಳ್ಳಲಿ ಎಂದಲ್ಲ, ಮುಂದೆ ಮೂರು ವಾರಕ್ಕೆ ನಾಲಿಗೆ ರೂಢಿಯಾಗಲಿ ಎಂದು. ಎಡೆಯೂರು, ಬೆಳ್ಳೂರು ಕ್ರಾಸ್ ಕಳೆದು ಹಿರೀಸಾವೆ ಬರುತ್ತದೆ.

ಹಿರೀಸಾವೆ ನನ್ನ ತವರು.

ಹೆದ್ದಾರಿಯಿಂದ ನಮ್ಮ ಮನೆಗೆ ನಡೆದರೆ ಹತ್ತು ನಿಮಿಷ. ಆದರೆ ಮೊದಲ ಸಲ ಬರುವಾಗಲೇ ಮಾವ ಫೋನಿನಲ್ಲಿ ಹೇಳಿದ್ದರು: ಸಮುದ್ರ ದಾಟಿ ಬರೋ ಸೊಸೆ ಮೊದಲು ಗಂಡನ ಮನೆ ಹೊಸಲು ತುಳೀಬೇಕು. ಒಂದೇ ಸಲ ಹೇಳಿದ್ದು. ಮತ್ತೆ ಹೇಳುವ ಅಗತ್ಯ ಬೀಳಲಿಲ್ಲ. ಅದನ್ನು ಪಾಲಿಸುವ ಕೆಲಸವನ್ನು ನನ್ನ ಅಮ್ಮನೇ ವಹಿಸಿಕೊಂಡಳು. ಐದು ಸಲವೂ ಅಮ್ಮ ರಸ್ತೆ ಬದಿಯಲ್ಲಿ, ಪೆಟ್ಟಿಗೆ ಅಂಗಡಿಯ ನೆರಳಿನಲ್ಲಿ, ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಅಕ್ಕಿರೊಟ್ಟಿ ಹಿಡಿದು ನಿಂತಿದ್ದಳು. ಟ್ಯಾಕ್ಸಿಯ ಬಾಗಿಲು ತೆಗೆದೇ ಇರುತ್ತದೆ. ಅವಳು ಮೊಮ್ಮಗಳ ಕೆನ್ನೆ ಮುಟ್ಟುತ್ತಾಳೆ, ಅಳಿಯನಿಗೆ ಮೊದಲು ಕಾಫಿ ಕೊಡುತ್ತಾಳೆ, ನನ್ನನ್ನು ನೋಡುತ್ತಾಳೆ. ಮನೆಗೆ ಹೋಗಿ ಕೈಕಾಲು ತೊಳೆದುಕೊಂಡು ಹೋಗ್ತೀನಿ ಅಮ್ಮ ಅಂದರೆ, "ಬ್ಯಾಡ ಕಣವ್ವ, ಮೊದ್ಲು ಅಲ್ಲಿಗೋಗು, ಅವ್ರೇನಂದ್ಕಂಡಾರು" ಅನ್ನುತ್ತಾಳೆ. ಹತ್ತು ನಿಮಿಷಕ್ಕೆ ಡ್ರೈವರ್ ಇಂಜಿನ್ ಶುರು ಮಾಡುತ್ತಾನೆ. ಹತ್ತು ಗಂಟೆ ವಿಮಾನದಲ್ಲಿ ಕೂತು ಬಂದವಳಿಗೆ ಸ್ವಂತ ಅಮ್ಮನ ಮನೆಯ ಬಾಗಿಲು ಹತ್ತು ನಿಮಿಷದ ದೂರದಲ್ಲಿ ನಿಷಿದ್ಧ. ಇದಕ್ಕೆ ನಾವು ರಜೆ ಎಂದು ಹೆಸರಿಟ್ಟಿದ್ದೇವೆ.

ಚನ್ನರಾಯಪಟ್ಟಣ, ಹೊಳೆನರಸೀಪುರ ದಾಟಿ ಕೊಣನೂರು ಮುಟ್ಟಿದರೆ ಮನೆ ತುಂಬ ಜನ. ಅತ್ತೆ ಒಳ್ಳೆಯವರು, ಈ ಮಾತನ್ನು ಶಿಷ್ಟಾಚಾರಕ್ಕೆ ಹೇಳುತ್ತಿಲ್ಲ. ಮೊದಲ ದಿನ ಊಟವಾದ ಮೇಲೆ ಗಂಡ ಅಭ್ಯಾಸಬಲದಿಂದ ತನ್ನ ತಟ್ಟೆ ಎತ್ತಿಕೊಂಡು ಎದ್ದ. "ಬುಡಪ್ಪ ಮಗ, ನಾವಿಲ್ವಾ" ಎಂದು ಅತ್ತೆ ತಟ್ಟೆ ಕಿತ್ತುಕೊಂಡರು. ಆ 'ನಾವು' ಅನ್ನುವ ಪದದೊಳಗೆ ನಾನು ಇದ್ದೆ. ಅವನು ಒಂದು ಸಲ ನನ್ನ ಮುಖ ನೋಡಿದ, ಆಮೇಲೆ ಜಗಲಿಗೆ ಹೋದ. ಅಲ್ಲಿಗೆ ಮುಗಿಯಿತು. ಮೂರು ವಾರ ಅವನು ತಟ್ಟೆ ಮುಟ್ಟಲಿಲ್ಲ.

ಮುಟ್ಟದಿದ್ದರೂ ಇರಲಿ. ಇನ್ನೊಂದಿದೆ, ಅದು ನನಗೆ ಹೆಚ್ಚು ಸಿಟ್ಟು ತರಿಸುವುದು. ಅತ್ತೆಯ ಮನೆಯಲ್ಲಿ ಗ್ಯಾಸ್ ಇದೆ, ಮಿಕ್ಸಿ ಇದೆ. ವರ್ಷವಿಡೀ ಅವರು ಅದರಲ್ಲೇ ಮಾಡುತ್ತಾರೆ. ಮಗ ಬಂದಾಗ ಮಾತ್ರ ಹಿತ್ತಲ ಸೌದೆ ಒಲೆ ಹೊತ್ತುತ್ತದೆ, ಒರಳುಕಲ್ಲಿನ ಮೇಲಿನ ಗೋಣಿಚೀಲ ತೆಗೆಯಲಾಗುತ್ತದೆ. ಏಕೆಂದರೆ ಅವನಿಗೆ 'ಆ ರುಚಿ' ಬೇಕು. ಮಂಡಿ ನೋವಿನ ಹೆಂಗಸು ಕುಕ್ಕರುಗಾಲಲ್ಲಿ ಕೂತು, ಮಳೆಗಾಲದ ಹಸಿ ಸೌದೆ ಊದಿ ಊದಿ ಕೆಮ್ಮುತ್ತಾರೆ. ಅವನು ಅದರ ಫೋಟೋ ತೆಗೆಯುತ್ತಾನೆ. ಬಾಲ್ಯದ ರುಚಿಯನ್ನು ಕಾಪಾಡುವ ಗುತ್ತಿಗೆಯನ್ನು ಎಪ್ಪತ್ತು ದಾಟಿದ ಅಮ್ಮಂದಿರಿಗೆ ವಹಿಸಿ, ನಾವು ಮಾತ್ರ ರೆಡಿಂಗ್‌ನಲ್ಲಿ ಗುಂಡಿ ಒತ್ತಿದರೆ ಉರಿಯುವ ಒಲೆ ಇಟ್ಟುಕೊಂಡಿದ್ದೇವೆ. ಊರು ಬದಲಾಗಿಬಿಟ್ಟಿತು ಎಂದು ಕೊರಗುವ ಲೇಖನಗಳನ್ನು ಓದುವಾಗ ನನಗೆ ಆ ಹೊಗೆ ನೆನಪಾಗುತ್ತದೆ. ಹಸಿ ಸೌದೆ ಊದುವುದು ತಪ್ಪಿದರೆ ಅತ್ತೆಗೆ ಲಾಭವೇ ಹೊರತು ನಷ್ಟವೇನಿಲ್ಲ.

"ಮೂರು ವಾರ ತಾನೆ, ಅಡ್ಜಸ್ಟ್ ಮಾಡ್ಕೊ" ಅನ್ನುವುದು ಇದಕ್ಕೆಲ್ಲ ಸಿದ್ಧ ಉತ್ತರ. ಸರಿ, ಲೆಕ್ಕ ಹಾಕೋಣ. ಹಳೆಯ ಟಿಕೆಟ್‌ಗಳನ್ನೂ ನನ್ನ ಡೈರಿಗಳನ್ನೂ ಇಟ್ಟುಕೊಂಡು ಒಂದು ಭಾನುವಾರ ಕೂತು ಎಣಿಸಿದೆ. 2015ರಿಂದ ಈಚೆಗೆ ಐದು ಸಲ ಊರಿಗೆ ಹೋಗಿದ್ದೇವೆ. ಒಟ್ಟು 112 ದಿನ. ಕೊಣನೂರಿನಲ್ಲಿ 71. ಮದುವೆ, ಗೃಹಪ್ರವೇಶ, ಧರ್ಮಸ್ಥಳ, ಬೆಂಗಳೂರಿನ ಖರೀದಿಗೆ 24. ಹಿರೀಸಾವೆಯಲ್ಲಿ 17. ಐದು ಪ್ರಯಾಣ, 17 ದಿನ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದು ಕಾವೇರಿ ಕೆಂಪಾಗಿ ಉಕ್ಕಿ ಬಂದಾಗ ಈ ಸ್ಥಿತಿಯಲ್ಲಿ ಹೊರಡುವುದು ಬೇಡ ಎಂದರು. ಆ ವರ್ಷ ನನ್ನ ಪಾಲಿಗೆ ಬಂದದ್ದು ಎರಡು ದಿನ. ಹೊಳೆಯನ್ನು ನಾನು ದೂರುವುದಿಲ್ಲ. ಆದರೆ ದಿನ ಕಡಿಮೆ ಬಿದ್ದಾಗೆಲ್ಲ ಯಾವ ಕಡೆಯಿಂದ ಕತ್ತರಿಸಬೇಕು ಎಂಬುದನ್ನು ಯಾರೂ ಚರ್ಚೆ ಮಾಡುವುದಿಲ್ಲ, ನಾವಿಬ್ಬರೂ ಮಾಡಲಿಲ್ಲ.

ಗಮ್ಮತ್ತೆಂದರೆ ನಾವು ಹೋಗುವುದೇ ಆಷಾಢ-ಶ್ರಾವಣದಲ್ಲಿ. ಇಲ್ಲಿ ಶಾಲೆಗೆ ದೊಡ್ಡ ರಜೆ ಸಿಗುವುದು ಜುಲೈ ಕೊನೆಯಿಂದ ಆಗಸ್ಟ್ ಪೂರ್ತಿ. ಶಾಲೆ ನಡೆಯುವಾಗ ಅನುಮತಿಯಿಲ್ಲದೆ ಮಗುವನ್ನು ಐದು ದಿನ ಕರೆದುಕೊಂಡು ಹೋದರೆ ದಂಡ: 2024ರ ಆಗಸ್ಟಿನಿಂದ ತಂದೆಗೆ ತಾಯಿಗೆ ತಲಾ 160 ಪೌಂಡ್, 21 ದಿನದೊಳಗೆ ಕಟ್ಟಿದರೆ 80. ನಮ್ಮ ಅಜ್ಜಿಯರ ಕಾಲದಲ್ಲಿ ಹೊಸ ಸೊಸೆಯನ್ನು ಆಷಾಢಕ್ಕೆ ತವರಿಗೆ ಕಳಿಸುತ್ತಿದ್ದರು. ಅದಕ್ಕೆ ಅವರವರ ಕಾರಣ ಏನೇ ಇದ್ದಿರಲಿ, ಆ ಹುಡುಗಿಗೆ ಒಂದು ಪೂರ್ತಿ ತಿಂಗಳು ಸಿಗುತ್ತಿತ್ತು. ನನಗೆ ಪಾಸ್‌ಪೋರ್ಟ್, ವೀಸಾ, ಸ್ವಂತ ಸಂಬಳ ಎಲ್ಲ ಇದ್ದೂ ಸಿಕ್ಕಿದ್ದು ಸಲಕ್ಕೆ ಮೂರು ದಿನದ ಮೇಲೆ ಸ್ವಲ್ಪ. ಕಳೆದ ಸಲ, 2024ರಲ್ಲಿ, ಆಗಸ್ಟ್ 4ರ ಭಾನುವಾರ ಭೀಮನ ಅಮಾವಾಸ್ಯೆ ಬಿತ್ತು. ನಾನು ಜಗಲಿಯಲ್ಲಿ ಗಂಡನ ಪಾದಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದೆ. ಅವನಿಗೆ ನಗು ತಡೆಯಲಾಗಲಿಲ್ಲ, ನನಗೂ. ಪೂಜೆಯ ಬಗ್ಗೆ ನನ್ನ ತಕರಾರಿಲ್ಲ. ಅಂದು ರಾತ್ರಿ ಅವನ ನಾಲ್ಕು ಜನ ಗೆಳೆಯರಿಗೆ ನಾಟಿಕೋಳಿ ಸಾರು ಆಗಬೇಕಿತ್ತು, ಆ ನಾಲ್ವರಿಗೂ ಅವನಿಗೂ ಅದು ತಾನಾಗಿಯೇ ಆಗುವ ಸಂಗತಿ ಎನಿಸಿತ್ತಲ್ಲ, ತಕರಾರು ಅದಕ್ಕೆ.

ನಮ್ಮ ಮನೆಯೊಂದರ ಕಥೆ ಎಂದು ತಳ್ಳಿಹಾಕುವವರಿಗೆ: 2019ರಲ್ಲಿ ಕೇಂದ್ರದ ಸಾಂಖ್ಯಿಕ ಕಚೇರಿ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ದೇಶವ್ಯಾಪಿ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವವರು ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ 26. ಹಾಗೆ ತೊಡಗುವ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. ನನ್ನ ಗಂಡ ರೆಡಿಂಗ್‌ನಲ್ಲಿ ಆ 97ನ್ನು ಸುಲಭವಾಗಿ ದಾಟುತ್ತಾನೆ. ಕೊಣನೂರಿನಲ್ಲಿ ಸೊನ್ನೆ. ಮನುಷ್ಯ ಒಬ್ಬನೇ, ಬರುವ ವಿದ್ಯೆ ಅದೇ. ಹಾಗಾದರೆ ಗಂಡಸಿಗೆ ಅಡುಗೆ ಬರುವುದಿಲ್ಲ ಎಂಬ ಮಾತು ಅಡುಗೆಯ ಬಗ್ಗೆ ಅಲ್ಲವೇ ಅಲ್ಲ.

ಅವನ ಪರವಾಗಿಯೂ ಹೇಳಬೇಕು. ಅವನ ಮೂರು ವಾರವೂ ಜಗಲಿಯಲ್ಲೇ ಕಳೆಯುವುದಿಲ್ಲ. ಪಹಣಿ, ಬ್ಯಾಂಕು, ಮಾವನ ಕಣ್ಣಿನ ಆಸ್ಪತ್ರೆ ಎಂದು ಅರಕಲಗೂಡು-ಹಾಸನಕ್ಕೆ ಅಲೆಯುತ್ತಾನೆ. ವರ್ಷಕ್ಕೆ 28 ದಿನದ ರಜೆಯಲ್ಲಿ ಸಾರ್ವಜನಿಕ ರಜೆಗಳನ್ನು ಕಳೆದು ಉಳಿದದ್ದನ್ನು ಅವನೂ ಕೂಡಿಟ್ಟುಕೊಂಡೇ ಬಂದಿರುತ್ತಾನೆ. ತೂಗುಸೇತುವೆಯ ಮೇಲೆ ಮಗಳ ಕೈ ಹಿಡಿದು ನಿಂತು, ತಾನು ಈಜು ಕಲಿತ ಜಾಗ ತೋರಿಸುವಾಗ ಅವನ ಮುಖ ನೋಡಿದರೆ ನನಗೂ ಖುಷಿಯಾಗುತ್ತದೆ. ರಾಮನಾಥಪುರದಲ್ಲಿ ಮೀನಿಗೆ ಪುರಿ ಹಾಕಿದ್ದು, ರುದ್ರಪಟ್ಟಣದ ತಂಬೂರಿಯ ಆಕಾರದ ಮಂದಿರದ ಮುಂದೆ ಮಗಳು ಬಾಯಿ ಬಿಟ್ಟುಕೊಂಡು ನಿಂತಿದ್ದು ನಿಜವಾದ ಸಂತೋಷಗಳೇ. ಇವೆಲ್ಲ ನನಗೆ ಆಮೇಲೆ ಫೋಟೋದಲ್ಲಿ ನೋಡಲು ಸಿಕ್ಕವು.

ಇಷ್ಟು ಬರೆದು ನಿಲ್ಲಿಸಿದ್ದರೆ ನಾನೂ ಅರ್ಧ ಸತ್ಯದ ಇನ್ನೊಂದು ಲೇಖನ ಬರೆದಂತಾಗುತ್ತಿತ್ತು. ಕೊಣನೂರಿನ ಮನೆಯಲ್ಲಿ ಮೂರನೆಯ ಹೆಂಗಸೊಬ್ಬಳು ಇದ್ದಾಳೆ, ನನ್ನ ವಾರಗಿತ್ತಿ. ಮೈದುನ ಬೇಸಾಯ ನೋಡಿಕೊಳ್ಳುತ್ತಾನೆ. ಮನೆಯ ಹಿಂದೆ ಹೊಗೆಸೊಪ್ಪಿನ ಬ್ಯಾರನ್ ಇದೆ. ಆಗಸ್ಟ್ ಅಂದರೆ ಸೊಪ್ಪು ಮುರಿಯುವ, ಬೇಯಿಸುವ ಕಾಲ. ಬೆಳಿಗ್ಗೆ ಮುರಿದ ಎಲೆಯನ್ನು ಅಂದೇ ಕಡ್ಡಿಗೆ ಕಟ್ಟಬೇಕು, ಬ್ಯಾರನ್‌ಗೆ ಏರಿಸಬೇಕು, ಆಮೇಲೆ ನಾಲ್ಕೈದು ದಿನ ಹಗಲೂ ರಾತ್ರಿ ಉರಿ ಕಾಯಬೇಕು. ಕೂಲಿ ಹೆಂಗಸರ ಜೊತೆ ಕೂತು ಸೊಪ್ಪು ಕಟ್ಟುವವಳು ಅವಳು, ಅವರಿಗೆಲ್ಲ ಊಟ ಹಾಕುವವಳೂ ಅವಳೇ. ರಾಮನಾಥಪುರದ ಮಾರುಕಟ್ಟೆಯಲ್ಲಿ ಹರಾಜು ಶುರುವಾಗಿ ಕೈಗೆ ದುಡ್ಡು ಬರುವುದು ನಾವು ವಾಪಸ್ಸು ಹೋದ ಮೇಲೆ. ಆ ಮನೆಯ ವರ್ಷದ ಅತಿ ಹೆಚ್ಚು ಕೆಲಸದ ತಿಂಗಳಿಗೆ ಸರಿಯಾಗಿ ನಾವು ಎರಡೆರಡು ಸೂಟ್‌ಕೇಸ್ ಎಳೆದುಕೊಂಡು ರಜೆ ಅನುಭವಿಸಲು ಹೋಗುತ್ತೇವೆ.

ಕಳೆದ ಸಲ ಒಂದು ರಾತ್ರಿ ಇಬ್ಬರೂ ಪಾತ್ರೆ ತೊಳೆಯುತ್ತಿದ್ದಾಗ ನಾನು ನನ್ನ ಗೋಳು ತೋಡಿಕೊಂಡೆ. ಮೂರೇ ದಿನ ತವರು, ನೋಡು, ಅಂದೆ. ಅವಳು ಬೂದಿ ಕೈಯಲ್ಲೇ ಹಣೆಯ ಕೂದಲು ಸರಿಸಿಕೊಂಡು, "ನಿಮಗೇನಕ್ಕ, ಮೂರು ವಾರ ಆದ್ಮೇಲೆ ಓಯ್ತೀರ" ಅಂದಳು. ಸಿಟ್ಟಿನಿಂದಲ್ಲ. ಅವಳ ತವರು ಕೊಡಗಿನ ಗಡಿಯೊಳಗಿನ ಶಿರಂಗಾಲ. ಬಸ್ಸಿನಲ್ಲಿ ಅರ್ಧ ಗಂಟೆಯೂ ಆಗದು. ಅವಳು ಅಲ್ಲಿ ಕೊನೆಯ ಸಲ ರಾತ್ರಿ ಉಳಿದದ್ದು ಎರಡು ವರ್ಷದ ಹಿಂದೆ, ತಮ್ಮನ ಮದುವೆಗೆ. ನಮಗೆಂದು ಅವಳು ಹುರಿದು ಕುಟ್ಟಿದ ಸಾರಿನ ಪುಡಿ, ಹುರಿಹಿಟ್ಟು, ಕರಿದ ಚಕ್ಕುಲಿ ನಮ್ಮ ಸೂಟ್‌ಕೇಸಿನಲ್ಲಿ 23 ಕಿಲೋ ಲೆಕ್ಕ ತೂಗಿ ಬರುತ್ತವೆ. ರೆಡಿಂಗ್‌ನಲ್ಲಿ ಡಬ್ಬಿ ತೆರೆದಾಗ ಗಂಡ, "ಅಮ್ಮನ ಕೈ ಪುಡಿ" ಅನ್ನುತ್ತಾನೆ. ನಾನೂ ಎಷ್ಟೋ ಸಲ ಹಾಗೇ ಅಂದಿದ್ದೇನೆ, ಕುಟ್ಟಿದವಳು ಯಾರು ಎಂದು ಕಣ್ಣಾರೆ ನೋಡಿಯೂ.

ಹೊರದೇಶದ ಮಗ ವರ್ಷವಿಡೀ ನಿಶ್ಚಿಂತೆಯಿಂದ ಹೊರದೇಶದಲ್ಲಿರಲು ಊರಿನಲ್ಲಿ ಒಬ್ಬ ಸೊಸೆ ಇರಬೇಕು. ಮಾವನ ಕಣ್ಣಿಗೆ ಹೊತ್ತುಹೊತ್ತಿಗೆ ಔಷಧಿ ಬಿಡುವವಳು ಅವಳು. ನಾವು ವಿಡಿಯೋದಲ್ಲಿ ಹುಷಾರಾಗಿರಿ ಅನ್ನುತ್ತೇವೆ. ಅವಳಿಗೆ ನಾವು ಕೊಡುವುದು ಚಾಕೊಲೇಟು, ಒಂದು ಸುಗಂಧದ ಬಾಟಲಿ. ನನಗೆ ಅತ್ತೆ ಮನೆ ಹೇಗೋ ಅವಳಿಗೆ ನಾನು ಹಾಗೆ ಎಂದು ಅರ್ಥವಾಗಲು ಹತ್ತು ವರ್ಷ ಹಿಡಿಯಿತು. ನಾಚಿಕೆಯಾಗುತ್ತದೆ.

ಮುಂದಿನ ಜುಲೈಗೆ ಟಿಕೆಟ್ ಮಾಡಿಸಿದ್ದೇವೆ. ಎರಡು ವಿಷಯ ನಮ್ಮಿಬ್ಬರ ನಡುವೆ ತೀರ್ಮಾನವಾಗಿದೆ. ಒಂದು ಸಂಜೆಯಲ್ಲಿ ಆದದ್ದಲ್ಲ, ಎರಡು ವಾರ ಮಾತು ಬಿಟ್ಟು ಆಮೇಲೆ ಆದದ್ದು. ಮೊದಲನೆಯದು, ಟ್ಯಾಕ್ಸಿ ಹಿರೀಸಾವೆಯಲ್ಲಿ ಹೆದ್ದಾರಿ ಬಿಟ್ಟು ಊರೊಳಗೆ ತಿರುಗುತ್ತದೆ, ಆ ರಾತ್ರಿ ಮತ್ತು ಮುಂದಿನ ಆರು ರಾತ್ರಿ ಅಲ್ಲೇ. ಎರಡನೆಯದು, ನಾವು ಕೊಣನೂರು ಸೇರಿದ ಮಾರನೆಯ ದಿನ ವಾರಗಿತ್ತಿ ಮಕ್ಕಳನ್ನು ಕರೆದುಕೊಂಡು ಹತ್ತು ದಿನಕ್ಕೆ ಶಿರಂಗಾಲಕ್ಕೆ ಹೋಗುತ್ತಾಳೆ. ಆ ಹತ್ತು ದಿನ ಕೂಲಿಯವರಿಗೆ ಹಿಟ್ಟು ತೊಳಸುವುದು ನನ್ನ ಗಂಡ, ಗ್ಯಾಸಿನ ಮೇಲೆ. ಸೊಪ್ಪು ಕಟ್ಟಲು ನಾನು ಕಲಿಯುತ್ತೇನೆ. ಇದನ್ನು ಅವಳಿಗೆ ಫೋನಿನಲ್ಲಿ ಹೇಳಿದಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಣ್ಣಯ್ಯಂಗೆ ಇಪ್ಪತ್ತು ಜನದ ಹಿಟ್ಟು ತೊಳಸಕಾಯ್ತದಾ?" ಎಂದು ಕೇಳಿದಳು.

ನನ್ನ ಅಮ್ಮನಿಗೆ ಹೇಳಿದಾಗ ಅವಳು ಹೆದರಿದಳು. ಅತ್ತೆಗೂ ಮಾವನಿಗೂ ಇನ್ನೂ ಹೇಳಿಲ್ಲ. ಹೇಳಬೇಕಾದವನು ಅವನು. ಪ್ರತಿ ಭಾನುವಾರ ಫೋನ್ ಮಾಡುತ್ತಾನೆ, ಮಳೆ ಹೆಂಗೆ, ಹೊಳೆ ಎಷ್ಟು ಬಂದಿದೆ ಎಂದು ಕೇಳುತ್ತಾನೆ, ಇಡುತ್ತಾನೆ. ನಾನು ಪಕ್ಕದಲ್ಲೇ ಕೂತಿರುತ್ತೇನೆ.