ಸೋಲನ್ನು ಒಪ್ಪಿಕೊಂಡ ಸೇನೆ

ಯುದ್ಧದ ನಡುವೆ ಒಂದು ಸೇನೆ ಬದಲಾಗುವುದು ಹೇಗೆ? ಹೊಸ ಆಯುಧ ಬಂದರೆ, ಸಮರ್ಥ ಸೇನಾಪತಿ ಸಿಕ್ಕರೆ ಎಂದು ಸಾಮಾನ್ಯವಾಗಿ ಹೇಳುತ್ತೇವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬರ್ಮಾದಲ್ಲಿ ಕಾದಾಡಿದ ಭಾರತೀಯ ಸೇನೆಯ ಕಥೆ ಓದಿದರೆ ಈ ಉತ್ತರ ಅರೆಬರೆ ಅನಿಸುತ್ತದೆ. ಅದಕ್ಕೂ ಮುಂಚೆ ಆಗಬೇಕಾದ ಕೆಲಸವೊಂದಿದೆ: ಸೋತೆವು ಎಂದು ಒಪ್ಪಿಕೊಂಡು, ಯಾಕೆ ಸೋತೆವು ಎಂದು ಕೇಳುವುದು.

1942ರ ಫೆಬ್ರವರಿ 23ರ ಬೆಳಗಿನ ಜಾವ ಬರ್ಮಾದ ಸಿತ್ತಾಂಗ್ ನದಿಯ ಸೇತುವೆ ಜಪಾನೀಯರ ಕೈಸೇರೀತೆಂಬ ಭಯದಿಂದ ಬ್ರಿಟಿಷ್ ಅಧಿಕಾರಿಗಳೇ ಅದನ್ನು ಸಿಡಿಸಿಹಾಕಿದರು. 17ನೇ ಭಾರತೀಯ ಡಿವಿಷನ್ನಿನ ಬಹುಪಾಲು ಸೈನಿಕರು ಆಗಿನ್ನೂ ಆಚೆ ದಡದಲ್ಲಿದ್ದರು. ಎಷ್ಟೋ ಜನ ಬಂದೂಕು, ಬೂಟು ಎಲ್ಲ ಬಿಟ್ಟು ಈಜಿಕೊಂಡು ಬಂದರು. ಹಲವರು ಮುಳುಗಿದರು, ಹಲವರು ಸೆರೆಯಾದರು. ಅವರಲ್ಲಿ ಧೈರ್ಯಕ್ಕೇನೂ ಕೊರತೆ ಇರಲಿಲ್ಲ. 1939ರಲ್ಲಿ ಸುಮಾರು 2 ಲಕ್ಷವಿದ್ದ ಸೇನೆಯನ್ನು ಅವಸರದಲ್ಲಿ ಹಿಗ್ಗಿಸಲಾಗಿತ್ತು. ಹೊಸ ಪಡೆ ಕಟ್ಟಲು ಹಳೆಯ ಪಡೆಗಳಿಂದ ಪಳಗಿದವರನ್ನು ಕಿತ್ತು ತೆಗೆಯಲಾಗಿತ್ತು. ತರಬೇತಿ ಕೊಟ್ಟದ್ದು ಮರುಭೂಮಿಯ ಯುದ್ಧಕ್ಕೆ, ಕಳಿಸಿದ್ದು ಕಾಡಿಗೆ. ಲಾರಿಗಳನ್ನು ನಂಬಿದ ಸೇನೆ ರಸ್ತೆ ಬಿಟ್ಟು ಕದಲುತ್ತಿರಲಿಲ್ಲ. ಜಪಾನೀಯರು ಕಾಡಿನೊಳಗಿಂದ ಬಳಸಿಕೊಂಡು ಹೋಗಿ ಬೆನ್ನ ಹಿಂದೆ ರಸ್ತೆಗೆ ಅಡ್ಡ ಕಟ್ಟಿದರೆ ಮುಗಿಯಿತು, ಹಿಮ್ಮೆಟ್ಟುವುದೊಂದೇ ದಾರಿ.

1943ರ ಆರಂಭದಲ್ಲಿ ಬರ್ಮಾದ ಅರಾಕಾನ್‌ನ ದೊನ್‌ಬೈಕ್‌ನಲ್ಲಿ ಮತ್ತೆ ಸೋಲು. ಆ ವರ್ಷದ ಜೂನ್‌ನಲ್ಲಿ ಕಾಲ್ದಳದ ಸ್ಥಿತಿಯನ್ನು ಪರಿಶೀಲಿಸಲು ಸಮಿತಿಯೊಂದನ್ನು ನೇಮಿಸಲಾಯಿತು. ಒಳ್ಳೆಯ ಹುಡುಗರೆಲ್ಲ ತಾಂತ್ರಿಕ ದಳಗಳಿಗೆ ಹೋಗಿ, ಮಿಕ್ಕವರು ಕಾಲ್ದಳಕ್ಕೆ ಬರುತ್ತಿದ್ದಾರೆ, ಅವರ ತರಬೇತಿಯೂ ಸಾಲದು ಎಂದು ಸಮಿತಿ ಮುಲಾಜಿಲ್ಲದೆ ಹೇಳಿತು. ಎರಡು ಡಿವಿಷನ್ನುಗಳನ್ನು ಯುದ್ಧದಿಂದ ಹೊರಗಿಟ್ಟು, ಛಿಂದವಾಡ ಮತ್ತು ಸಹಾರನ್‌ಪುರದ ಕಡೆ ಕಾಡುಯುದ್ಧ ಕಲಿಸುವ ಶಾಲೆಗಳನ್ನಾಗಿ ಮಾಡಲಾಯಿತು. ಸೈನಿಕರ ಕೊರತೆಯಿದ್ದ ಹೊತ್ತಿನಲ್ಲಿ ಇದು ಸಣ್ಣ ತ್ಯಾಗವಲ್ಲ.

ಮಲೇರಿಯಾದ ಪಾಠ ಇನ್ನೂ ಸ್ವಾರಸ್ಯದ್ದು. ಬ್ರಿಟಿಷ್ ಸೇನಾಪತಿ ವಿಲಿಯಂ ಸ್ಲಿಮ್ ಬರ್ಮಾದಲ್ಲಿ ಕಾದಾಡುತ್ತಿದ್ದ 14ನೇ ಸೇನೆಯ ಹೊಣೆ ಹೊತ್ತಾಗ, ಗಾಯಗೊಂಡ ಒಬ್ಬನನ್ನು ಹಿಂದಕ್ಕೆ ಸಾಗಿಸಿದರೆ ಕಾಯಿಲೆ ಬಿದ್ದ 120 ಮಂದಿಯನ್ನು ಸಾಗಿಸಬೇಕಾಗುತ್ತಿತ್ತು. ಮಲೇರಿಯಾ ತಡೆಯಲು ಮೆಪಾಕ್ರಿನ್ ಮಾತ್ರೆ ಇತ್ತು. ನುಂಗಿದರೆ ಗಂಡಸುತನ ಹೋಗುತ್ತದೆಂಬ ಗಾಳಿಸುದ್ದಿಯೂ ಇತ್ತು. ಸ್ಲಿಮ್ ಹಠಾತ್ ತಪಾಸಣೆ ಮಾಡಿಸಿದ. ಮಾತ್ರೆ ನುಂಗಿದವರು ನೂರಕ್ಕೆ 95ಕ್ಕಿಂತ ಕಡಿಮೆ ಇದ್ದ ಬೆಟಾಲಿಯನ್ನುಗಳ ಮುಖ್ಯಸ್ಥರನ್ನು ಕಿತ್ತುಹಾಕಿದ. ಮೂವರ ಕೆಲಸ ಹೋಗುವಷ್ಟರಲ್ಲಿ ಉಳಿದವರಿಗೆ ಅರ್ಥವಾಗಿತ್ತು. ಜವಾನನನ್ನು ಬೈಯದೆ ಅಧಿಕಾರಿಯನ್ನು ಹೊಣೆ ಮಾಡಿದ್ದೇ ಇಲ್ಲಿಯ ಜಾಣ್ಮೆ.

ಫಲ ಕಾಣಿಸಿದ್ದು 1944ರ ಫೆಬ್ರವರಿಯಲ್ಲಿ. ಅರಾಕಾನ್‌ನಲ್ಲಿ ಜಪಾನೀಯರು ಎಂದಿನಂತೆ ಬೆನ್ನ ಹಿಂದೆ ಬಂದರು. ಈ ಸಲ ಸೇನೆ ಹಿಮ್ಮೆಟ್ಟಲಿಲ್ಲ. ಮುತ್ತಿಗೆಯೊಳಗೇ ಕೂತು, ವಿಮಾನಗಳು ಮೇಲಿನಿಂದ ಹಾಕಿದ್ದನ್ನು ತಿಂದು ಕಾದಾಡಿತು. ರೇಷ್ಮೆಯ ಪ್ಯಾರಾಚೂಟು ಸಾಲದ್ದಕ್ಕೆ ಕಲ್ಕತ್ತೆಯ ಸೆಣಬಿನ ಗಿರಣಿಗಳಲ್ಲಿ ಸೆಣಬಿನದೇ ಪ್ಯಾರಾಚೂಟು ಮಾಡಿಸಿದರು. ಹೊಸ ಆಯುಧವೇ ಬೇಕೆನ್ನುವವರು ಇದನ್ನು ಗಮನಿಸಬೇಕು.

ಆದರೆ ಕಾಡಿಗಿಂತ ದುರ್ಗಮವಾದದ್ದು ಪೂರ್ವಗ್ರಹ. ಪಂಜಾಬಿಗಳು, ಪಠಾಣರು, ಗೂರ್ಖರಂಥವರು ಮಾತ್ರ ಯೋಧರು, ದಕ್ಷಿಣದವರು ಅಲ್ಲ; ಭಾರತೀಯ ಸಿಪಾಯಿಯಾಗಬಲ್ಲ, ಸೇನೆ ನಡೆಸಲಾರ ಎಂಬುದು ಬ್ರಿಟಿಷರ ಹಳೆಯ ನಂಬಿಕೆ. ಇದನ್ನು ಮುರಿದದ್ದು ಉದಾರತೆಯಲ್ಲ, ಅನಿವಾರ್ಯತೆ. 25 ಲಕ್ಷಕ್ಕೆ ಬೆಳೆದ ಸೇನೆಗೆ ಒಂದೆರಡು ಪ್ರಾಂತ್ಯ ಸಾಲುವುದಿಲ್ಲ, ಬ್ರಿಟಿಷ್ ಅಧಿಕಾರಿಗಳೂ ಸಾಲುವುದಿಲ್ಲ. 1945ರ ಆರಂಭದಲ್ಲಿ ಕಂಗಾವ್‌ನಲ್ಲಿ ಹೋರಾಡಿದ 51ನೇ ಬ್ರಿಗೇಡಿನ ಮೂರು ಬೆಟಾಲಿಯನ್ನುಗಳನ್ನೂ ಭಾರತೀಯರೇ ನಡೆಸಿದರು: ಕೊಡಗಿನ ಕೆ.ಎಸ್. ತಿಮ್ಮಯ್ಯ, ಎಸ್.ಪಿ.ಪಿ. ಥೋರಟ್, ಎಲ್.ಪಿ. ಸೇನ್. ಮೂವರಿಗೂ ಡಿಎಸ್‌ಒ ಪದಕ ಬಂತು. ಆ ಮಾರ್ಚ್‌ನಲ್ಲಿ ಮೆಯ್ಕ್‌ತಿಲಾ ಪಟ್ಟಣವನ್ನು ಹಿಡಿದು ಜಪಾನೀಯರ ಬೆನ್ನುಮೂಳೆ ಮುರಿದದ್ದು, ಸಿತ್ತಾಂಗ್‌ನಲ್ಲಿ ಬೂಟು ಬಿಟ್ಟು ಓಡಿಬಂದಿದ್ದ ಅದೇ 17ನೇ ಡಿವಿಷನ್.

ಅದು ಪರರಾಜ್ಯದ ಸೇನೆ, ಎದುರುಗಡೆ ಸುಭಾಷರ ಆಜಾದ್ ಹಿಂದ್ ಫೌಜಿನಲ್ಲೂ ನಮ್ಮವರೇ ಇದ್ದರು ಎಂಬ ಕಸಿವಿಸಿ ಇದ್ದೇ ಇದೆ. ಆದರೂ ಕಲಿಯುವ ಕ್ರಮಕ್ಕೆ ಆ ಸೇನೆಯಷ್ಟು ಒಳ್ಳೆಯ ಉದಾಹರಣೆ ನಮ್ಮ ಇತಿಹಾಸದಲ್ಲಿ ವಿರಳ.

ತಿಮ್ಮಯ್ಯನವರು 1957ರಲ್ಲಿ ಸ್ವತಂತ್ರ ಭಾರತದ ಭೂಸೇನೆಯ ಮುಖ್ಯಸ್ಥರಾಗಿ, 1961ರಲ್ಲಿ ನಿವೃತ್ತರಾದರು. ಮರುವರ್ಷ ಚೀನಾ ಎದುರು ಸೋತೆವು. ಆ ಸೋಲಿನ ಬಗೆಗೂ ವಿಚಾರಣೆ ನಡೆಯಿತು. ಸೇನಾಧಿಕಾರಿಗಳಾದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಬರೆದ ಆ ವರದಿಯನ್ನು ಯಾವ ಸರ್ಕಾರವೂ ಈವರೆಗೆ ಅಧಿಕೃತವಾಗಿ ಪ್ರಕಟಿಸಿಲ್ಲ. ಆರು ದಶಕ ಕಳೆದ ಮೇಲೂ ಮುಚ್ಚಿಡುವುದಕ್ಕೆ ಭದ್ರತೆಯ ನೆಪ ಒಪ್ಪುವಂಥದ್ದಲ್ಲ. ಅದನ್ನು ಬಿಡುಗಡೆ ಮಾಡಬೇಕು.